ನೀರಿಗೆಸೆಯದ ಬಾಗಿಲು

ಮಗಳೇ,

ನಿನ್ನ ಕಾಗದ ಬಂತು. ಲಿಬ್ರಾದೊ ನಿನ್ನ ಹೆತ್ತಪ್ಪನಲ್ಲವಂತೆ ಎಂದು ಬಂದರಿನಲ್ಲಿ ಯಾರೋ ಹೇಳಿದರು, ನಿಜವೇ ಎಂದು ಕೇಳಿದ್ದೀಯ. ಹೇಳಿದವರ ನಾಲಿಗೆಗೆ ಹುಳ ಬೀಳಲಿ. ಆದರೆ ನಿನಗೆ ಸುಳ್ಳು ಹೇಳಲಾರೆ. ನಿಜ.

ನಿನ್ನ ಹೆತ್ತಪ್ಪ, ನಮ್ಮ ಮದುವೆಗೆ ಮೊದಲೇ, ಚಹದಂತೆ ಕುದಿಸಿ ಕುಡಿಯುವ ಯೆರ್ಬಾ ಸೊಪ್ಪಿನ ತೋಟದಲ್ಲಿ ಜ್ವರಕ್ಕೆ ಸತ್ತ. ತುಂಬು ಬಸುರಿ ನಾನು ಅಲ್ಲಿಂದ ಓಡಿದೆ. ಕರಾರು ಮುಗಿಸದೆ ಓಡಿದವರನ್ನು ಪೊಲೀಸರೇ ಹಿಡಿದು ತೋಟಕ್ಕೆ ವಾಪಸು ಒಯ್ದು ಬಿಡುತ್ತಿದ್ದ ಕಾಲ ಅದು. ಪರಾನಾ ನದಿಯಲ್ಲಿ ಕೆಳಕ್ಕೆ ಹೊರಟಿದ್ದ ಹಡಗು ಹತ್ತಿ ಸೊಪ್ಪಿನ ಮೂಟೆಗಳ ಸಂದಿಯಲ್ಲಿ ಅಡಗಿದೆ. ಚುಕ್ಕಾಣಿ ಹಿಡಿದಿದ್ದ ಲಿಬ್ರಾದೊ ನನ್ನನ್ನು ಕಂಡರು. ನೀರು ಕೊಟ್ಟರು, ಹೆಸರು ಕೇಳಲಿಲ್ಲ. ಓಡಿ ಬಂದವರ ಹೆಸರು ಕೇಳುವುದು ನದಿಯವರ ಪದ್ಧತಿಯಲ್ಲ. ಗೊತ್ತಿಲ್ಲದ ಹೆಸರನ್ನು ಪೊಲೀಸರು ಹೊಡೆದೂ ಹೊರಡಿಸಲಾರರು.

ಮರುದಿನ ಬಿರುಗಾಳಿಗೆ ಹಡಗು ಬಂಡೆಗೆ ಬಡಿಯಿತು. ನೀರು ನುಗ್ಗಿತು, ಭಾರ ಇಳಿಸದೆ ದಾರಿಯಿರಲಿಲ್ಲ. ಪರರ ಸರಕು ಎಸೆಯುವ ಚುಕ್ಕಾಣಿಗಾರ ಮೊದಲು ತನ್ನ ಸ್ವಂತದ್ದನ್ನು ಎಸೆಯಬೇಕು, ಇಲ್ಲದಿದ್ದರೆ ಅವನು ಕಳ್ಳ ಎಂಬುದು ಅಲ್ಲಿಯ ಕಟ್ಟುಪಾಡು. ಹೊಸ ಮನೆಗೆಂದು ಲಿಬ್ರಾದೊ ಒಂದು ಬಾಗಿಲು ಮಾಡಿಸಿ ತರುತ್ತಿದ್ದರು. ಆ ಬಾಗಿಲ ಮೇಲೆ ನಾನು ಹೆರಿಗೆನೋವಿನಲ್ಲಿ ಒದ್ದಾಡುತ್ತಿದ್ದೆ. ಅವರು ಅರವತ್ತು ಮೂಟೆ ನದಿಗೆ ಹಾಕಿದರು, ಬಾಗಿಲು ಮುಟ್ಟಲಿಲ್ಲ.

ಹಡಗು ಬಂದರು ತಲುಪಿದ ಹತ್ತು ದಿನಕ್ಕೆ ನ್ಯಾಯಾಲಯ ಸೇರಿತು. ಔಷಧದಂಗಡಿಯ ಮುದುಕರೇ ಊರಿನ ನ್ಯಾಯಾಧೀಶರು. ಲಿಬ್ರಾದೊ ಮೂಟೆಗಳನ್ನು ಎದುರು ದಡದ ದೇಶಕ್ಕೆ ಮಾರಿಕೊಂಡಿದ್ದಾನೆ ಎಂದು ತೋಟದ ಏಜೆಂಟ ಬರ್ರಿಯೋಸ್ ದೂರಿದ. ಸಾಕ್ಷಿಗೆ ಆ ಬಾಗಿಲನ್ನೇ ಗೋಡೆಗೆ ಒರಗಿಸಿದ್ದ. ಇದನ್ನೇಕೆ ಎಸೆಯಲಿಲ್ಲ ಎಂದು ನ್ಯಾಯಾಧೀಶರು ಮೂರು ಸಲ ಕೇಳಿದರು. ಲಿಬ್ರಾದೊ ತುಟಿ ಬಿಚ್ಚಲಿಲ್ಲ, ಅವರ ಮುಖ ನೋಡಿ ಉಳಿದ ನಾವಿಕರೂ ಬಿಚ್ಚಲಿಲ್ಲ. ಬಾಯಿಬಿಟ್ಟರೆ ನನ್ನನ್ನು ಹಿಡಿಯುತ್ತಾರೆ, ಬಿಡದಿದ್ದರೆ ಅವರಿಗೆ ಜೈಲು. ನಾನು ಜನರ ಹಿಂದೆ ನಿನ್ನನ್ನು ಶಾಲಿನಲ್ಲಿ ಸುತ್ತಿಕೊಂಡು ನಿಂತಿದ್ದೆ. ಹೇಗೆ ಮುಂದೆ ಬಂದೆನೋ ಕಾಣೆ.

"ಆ ಬಾಗ್ಲ ಮೇಲೆ ನಾನು ಹೆತ್ತೆ, ಸ್ವಾಮಿ" ಎಂದೆ.

ಬರ್ರಿಯೋಸ್ ನಕ್ಕ. "ಹಸಿಂತಾ, ನೀನಾಗೇ ಬಂದ್ಯಲ್ಲ. ಸ್ವಾಮಿ, ಇವ್ಳು ನಮ್ಮ ತೋಟದ ಆಳು. ಕರಾರು ಇನ್ನೂ ಎರಡು ವರ್ಷ ಇದೆ. ಹಿಡಿಸಿ."

ಪೊಲೀಸನ ಕೈ ನನ್ನ ತೋಳಿಗೆ ಬಿತ್ತು. ಆಗ ಲಿಬ್ರಾದೊ ಬಾಯಿ ತೆರೆದರು.

"ಹಸಿಂತಾ ನನ್ನ ಹೆಂಡ್ತಿ. ಗಂಡ ಸಹಿ ಹಾಕ್ದಿರೋ ಕರಾರು ನಡಿಯಲ್ಲ ಅಂತ ಏಜೆಂಟ್ರಿಗೆ ನಾನು ಹೇಳ್ಕೊಡ್ಬೇಕಾ?"

ಏಜೆಂಟನ ಬಾಯಿಂದ ಅವರು ಆಗಷ್ಟೇ ಕೇಳಿದ ಹೆಸರದು. ನ್ಯಾಯಾಧೀಶರು ಕನ್ನಡಕ ತೆಗೆದು, ಮಗು ನಿನ್ನದೇ ಎಂದು ಲಿಬ್ರಾದೊರನ್ನು ಕೇಳಿದರು. ಶಿಲುಬೆ ಮುಟ್ಟಿ ಹೇಳು ಎಂದರು. ಲಿಬ್ರಾದೊ ಮುಟ್ಟಿ ಹೇಳಿದರು. ಮಗುವಿನ ಹೆಸರೇನು ಎಂದರು ನ್ಯಾಯಾಧೀಶರು. ನಿನಗಿನ್ನೂ ಹೆಸರಿಟ್ಟಿರಲಿಲ್ಲ.

ಲಿಬ್ರಾದೊ ಹತ್ತಿರ ಬಂದು, ಶಾಲು ಸರಿಸಿ ನಿನ್ನ ಮುಖ ನೋಡಿದರು.

"ಪೆತ್ರೋನಾ. ನಮ್ಮಮ್ಮನ ಹೆಸ್ರು."

ನಷ್ಟವನ್ನು ಹಡಗಿನವರೂ ಸರಕಿನವರೂ ಹಂಚಿಕೊಳ್ಳಬೇಕು, ಚುಕ್ಕಾಣಿಗಾರನ ತಪ್ಪಿಲ್ಲ ಎಂದು ತೀರ್ಪಾಯಿತು. ಬರ್ರಿಯೋಸ್ ಗೊಣಗುತ್ತ ಸಹಿ ಹಾಕಿದ.

ಹೊರಗೆ ಬಂದ ಮೇಲೆ ಲಿಬ್ರಾದೊ ನನ್ನ ಮುಖ ನೋಡದೆ ಹೇಳಿದರು: "ಶಿಲುಬೆ ಮುಟ್ಟಿ ಸುಳ್ಳು ಹೇಳ್ಬಿಟ್ಟೆ. ನೀವು ಒಪ್ಪೋದಾದ್ರೆ ಪಾದ್ರಿ ಹತ್ರ ಹೋಗಿ ಅದನ್ನ ನಿಜ ಮಾಡೋಣ."

ಒಪ್ಪಿದೆ. ಪಾದ್ರಿ ಅಂದು ನಿಜ ಮಾಡಿದ್ದು ಅರ್ಧ ಸುಳ್ಳನ್ನು ಮಾತ್ರ. ಉಳಿದರ್ಧವನ್ನು ಅವರು ಹತ್ತೊಂಬತ್ತು ವರ್ಷದಿಂದ ದಿನವೂ ನಿಜ ಮಾಡುತ್ತಿದ್ದಾರೆ. ಮುಂದಿನ ಸಲ ಅಪ್ಪಾ ಎಂದು ಕರೆಯುವಾಗ ತಡವರಿಸಬೇಡ ಮಗಳೇ, ಅವರಿಗೆ ಗೊತ್ತಾಗಿಬಿಡುತ್ತದೆ.

ಮರಿಯಮ್ಮ ತಾಯಿ ನಿನ್ನನ್ನು ಕಾಯಲಿ.

ನಿನ್ನ ಅಮ್ಮ,
ಹಸಿಂತಾ