ಸಿಂಚನಮ್ಮನ ಮಂಡಿ ಮೈಗೂಡಿದ ಬಗೆ

ಶಿಡ್ಲಘಟ್ಟ
ಆಗಸ್ಟ್ ೩೨, ೨೨೧೮

ಮುಂದೆ ಎಂದೋ ಈ ಮಂಡಿಯನ್ನು ತೊಡಲಿರುವ ಮಗಳೇ,

ತಾರೀಖು ನೋಡಿ ಅಜ್ಜಿಗೆ ಅರಳುಮರಳು ಎಂದುಕೊಳ್ಳಬೇಡ. ನಮ್ಮ ಕಾಲದಲ್ಲಿ ಆಗಸ್ಟ್ ಮುಗಿದು ಸೆಪ್ಟೆಂಬರ್ ಹುಟ್ಟುವುದರ ನಡುವೆ ಯಾರ ಲೆಕ್ಕಕ್ಕೂ ಸೇರದ ಒಂದು ದಿನವಿದೆ. ಅಂದು ಯಾರೂ ಕೆಲಸ ಮಾಡುವುದಿಲ್ಲ, ಯಾರಿಗೂ ವಯಸ್ಸಾಗುವುದಿಲ್ಲ. ಕಾಗದ ಬರೆಯಲು ಇದಕ್ಕಿಂತ ಒಳ್ಳೆಯ ದಿನ ಸಿಗದು. ನನ್ನ ಕನ್ನಡ ನಿನಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮಿಸು. ನನ್ನ ಮುತ್ತಜ್ಜಿ ಸಿಂಚನಮ್ಮ ಚೆನ್ನಾಗಿರುವುದಕ್ಕೆಲ್ಲ ‘ಸೂಪರ್’ ಎನ್ನುತ್ತಿದ್ದಳು. ಅದು ಯಾವುದೋ ತಿಂಡಿಯ ಹೆಸರೆಂದು ನಾನು ಬಹಳ ಕಾಲ ನಂಬಿದ್ದೆ.

ಈ ಮಂಡಿ ಮೊದಲು ಆಕೆಯದು. ಇದರೊಳಗಿನ ಲೋಹಕ್ಕೆ ಸಾವಿಲ್ಲ. ಹಾಗಾಗಿ ನಮ್ಮಲ್ಲಿ ಹಿರಿಯರು ತೀರಿಕೊಂಡಾಗ ಬಳೆ, ಓಲೆಯ ಜೊತೆಗೆ ಮಂಡಿ, ಸೊಂಟದ ಕೀಲುಗಳನ್ನೂ ತೆಗೆದಿಟ್ಟುಕೊಳ್ಳುತ್ತೇವೆ. ಆಮೇಲೆ ಅಳತೆ ನೋಡಿ, ಸಾಣೆ ಹಿಡಿಸಿ, ಬೇಕಾದವರು ತೊಡುತ್ತಾರೆ. ಹೊಸ ಮಂಡಿ ಯಾವ ಆಸ್ಪತ್ರೆಯಲ್ಲಾದರೂ ಸಿಗುತ್ತದೆ. ಆದರೆ ಸಿಂಚನಮ್ಮನದು ಎಲ್ಲಿ ಸಿಗಬೇಕು? ಮುಪ್ಪಿನಲ್ಲಿ ಇದೇ ಮಂಡಿಯ ಮೇಲೆ ಬೀದಿ ಮಕ್ಕಳೊಂದಿಗೆ ಕುಂಟೆಬಿಲ್ಲೆ ಆಡಿ, ಅವರನ್ನೆಲ್ಲ ಸೋಲಿಸಿ, ಸೋತವರಿಗೆ ಕಡಲೆಮಿಠಾಯಿ ಹಂಚುತ್ತಿದ್ದವಳು ಆಕೆ.

ಬರಿಯ ಲೋಹವನ್ನು ಒಳಗಿಟ್ಟರೆ ದೇಹ ಅದನ್ನು ಪರಕೀಯವೆಂದೇ ದೂರ ಇಡುತ್ತದೆ. ಅದಕ್ಕೇ ‘ಮೈಗೂಡು’ ಬೇಕು. ರೇಷ್ಮೆಗೂಡನ್ನು ಬೇಯಿಸಿ, ಕರಗಿಸಿ, ತೊಡುವವರ ರಕ್ತದ ಸಾರವನ್ನು ಬೆರೆಸಿ, ಲೋಹದ ಮೇಲೆ ಬೆಳೆಸುವ ತೆಳ್ಳನೆಯ ಪೊರೆ ಇದು. ಹೆಸರಿನ ಬಗ್ಗೆ ನಮ್ಮೂರಲ್ಲಿ ಇನ್ನೂ ಜಗಳವಿದೆ. ಮೈಯೊಳಗಿನ ಗೂಡು ಆದ್ದರಿಂದ ಮೈಗೂಡು ಎಂದು ನೂಲು ಬಿಚ್ಚುವವರು ಹೇಳಿದರೆ, ಮೈಯೊಡನೆ ಕೂಡುವುದರಿಂದ ಆ ಹೆಸರು ಎಂದು ಡಾಕ್ಟರುಗಳು ಹಟ ಹಿಡಿಯುತ್ತಾರೆ. ಎರಡೂ ಸರಿಯೆಂದು ನಾನು ಹೇಳಿದರೆ ಎರಡು ಕಡೆಯವರೂ ನನ್ನ ಮೇಲೇ ಬೀಳುತ್ತಾರೆ. ಪೊರೆಯ ಕೆಲಸವೆಂದರೆ ಮದುವೆ ಕುದುರಿಸುವವರ ಕೆಲಸ. ಮೂಳೆಗೂ ಲೋಹಕ್ಕೂ ಪರಿಚಯ ಮಾಡಿಸಿ, ಸದ್ದಿಲ್ಲದೆ ಕರಗಿಹೋಗುತ್ತದೆ. ಅಷ್ಟರೊಳಗೆ ಮೂಳೆ ಲೋಹವನ್ನು ಬಿಗಿಯಾಗಿ ಹಿಡಿದುಕೊಂಡಿರಬೇಕು. ಹಿಡಿಯದಿದ್ದರೆ ಮಂಡಿಯನ್ನು ತೆಗೆಯಲೇಬೇಕು, ಮತ್ತು ನಮ್ಮ ಮನೆಯ ಕಟ್ಟಳೆಯಂತೆ ಅದು ಮುಂದಿನವರ ಪಾಲು. ಮುಂದಿನವಳು ನನ್ನ ಚಿಕ್ಕಪ್ಪನ ಮಗಳು ಲಿಖಿತ. ನನ್ನ ಆಪರೇಷನ್ ಆದ ದಿನವೇ ಅವಳು ತನ್ನ ಕಾಲಿನ ಅಳತೆ ಕೊಟ್ಟು ಬಂದಿದ್ದಳು!

ಮಂಡಿ ನನ್ನೊಳಗೆ ಬಂದ ಮೇಲೆ ನಾನು ಅದನ್ನು ಎಷ್ಟು ಜೋಪಾನ ಮಾಡಿದೆನೆಂದರೆ, ಹೇಳಲು ಈಗ ನಗು ಬರುತ್ತದೆ. ಹಗುರವಾಗಿ ಓಡಾಡಿ ಎಂದು ಡಾಕ್ಟರು ಹೇಳಿದ್ದನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಸಿಂಚನಮ್ಮನ ಮಂಡಿ ಸವೆದರೆ ಏನು ಗತಿ? ಕಾಲನ್ನು ದಿಂಬಿನ ಮೇಲಿಟ್ಟುಕೊಂಡೇ ಕೂತೆ. ಮಾಳಿಗೆಯ ಹಿಪ್ಪುನೇರಳೆಗೆ ನೀರು ಬಿಡಲೂ ಹತ್ತಲಿಲ್ಲ. ನಮ್ಮ ಬೀದಿಯ ಬಸ್ಸು ಮನೆಯ ಮೆಟ್ಟಿಲು ಹತ್ತಿ ಜಗಲಿಯವರೆಗೇ ಬರುತ್ತದೆ, ಆದರೂ ನಾನು ಏಳಲಿಲ್ಲ. ಶುಕ್ರವಾರ ಮಂಡಿಗೆ ಕುಂಕುಮ ಇಟ್ಟದ್ದೂ ಉಂಟು.

ಡಾಕ್ಟರ್ ನಫೀಸಾ ಬಂದು ಮಂಡಿಯ ಮೇಲೆ ಬೆಳಕುಬಟ್ಟೆ ಹಾಸಿದರು. ಒಳಗಿರುವುದನ್ನು ಹೊರಗೆ ತೋರಿಸುವ ಬಟ್ಟೆ ಅದು. ಪೊರೆ ಅರ್ಧ ಕರಗಿತ್ತು, ಮೂಳೆ ಇನ್ನೂ ದೂರದಲ್ಲೇ ನಿಂತಿತ್ತು. ನನಗೆ ಅಳು ಬಂತು. ಅವರಿಗೆ ಸಿಟ್ಟು ಬಂತು.

“ಇದೇನು ಬೀರುನಲ್ಲಿ ಇಡೋ ಒಡವೇನಾ ಮಾನ್ವಿತಮ್ಮಾ? ಭಾರ ಬೀಳದೇ ಇದ್ರೆ ಇದು ನಂದು ಅಂತ ಮೂಳೆಗೆ ಹೆಂಗೆ ಗೊತ್ತಾಗ್ಬೇಕು? ಎದ್ದು ನಿಂತ್ಕೊಳ್ಳಿ. ಆ ಕಾಲ ಮೇಲೇ ನಿಂತ್ಕೊಳ್ಳಿ!”

ನಿಂತೆ. ಮೊದಲು ಅಡುಗೆಮನೆಯ ಕಟ್ಟೆ ಹಿಡಿದು, ಆಮೇಲೆ ಹಿಡಿಯದೆ. ಒಂಟಿ ಕಾಲಲ್ಲಿ ಸುಮ್ಮನೆ ನಿಲ್ಲುವಷ್ಟು ಬೇಸರದ ಕೆಲಸ ಇನ್ನೊಂದಿಲ್ಲ ಮಗಳೇ. ಕಾಲಿಗೆ ಸ್ವಲ್ಪ ಬಲ ಬಂದ ಕೂಡಲೇ ಸೀಮೆಸುಣ್ಣ ತಂದು ಅಂಗಳದಲ್ಲಿ ಕುಂಟೆಬಿಲ್ಲೆಯ ಮನೆಗಳನ್ನು ಬರೆದೆ. ಬೀದಿಗೆ ಬೀದಿಯೇ ನೋಡಲು ಬಂತು. ಲಿಖಿತಳೂ ಬಂದಳು, ಮಂಡಿ ಯಾವಾಗ ತನ್ನ ಪಾಲಿಗೆ ಬರುತ್ತದೋ ನೋಡಿಕೊಂಡು ಹೋಗಲು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಅವಳು ಸೆರಗು ಸಿಕ್ಕಿಸಿ ಗೆರೆಯ ಪಕ್ಕ ನಿಂತು ಕೂಗಿದಳು:

“ಗೆರೆ ತುಳಿದೆ ಕಣೇ, ಔಟು! ಸಿಂಚನಮ್ಮನ ಮಾನ ಕಳೀಬೇಡ, ಇನ್ನೊಂದ್ಸಲ ಹಾರು!”

ದಿನವೂ ಬಂದಳು, ದಿನವೂ ಔಟು ಎಂದಳು. ಕೊನೆಗೊಂದು ಬೆಳಿಗ್ಗೆ ನಫೀಸಾ ಅದೇ ಅಂಗಳದಲ್ಲಿ ನನ್ನನ್ನು ಕೂರಿಸಿ ಬೆಳಕುಬಟ್ಟೆ ಹಾಸಿದರು. ಪೊರೆ ಇರಲಿಲ್ಲ. ಅದಿದ್ದ ಜಾಗದಲ್ಲೆಲ್ಲ ನನ್ನ ಮೂಳೆ ತುಂಬಿಕೊಂಡಿತ್ತು. “ಮೈಗೂಡ್ತು!” ಎಂದರು ಅವರು. ಮೊದಲು ಅತ್ತದ್ದು ನಾನಲ್ಲ, ಲಿಖಿತ. ನನ್ನನ್ನು ತಬ್ಬಿಕೊಂಡು, “ನಂಗೆ ಸಿಗದೇ ಇದ್ರೆ ಹೋಗ್ಲಿ ಬಿಡು, ಅಜ್ಜಿ ಮಂಡಿ ಮತ್ತೆ ಹಾರ್ತಲ್ಲ” ಎಂದಳು. ಅಂದು ಆಸ್ಪತ್ರೆಗೂ ಬೀದಿಗೂ ಹೋಳಿಗೆ ಹಂಚಿದೆವು. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ನೀನು ನನ್ನ ಕಡೆಯವಳೋ ಲಿಖಿತಳ ಕಡೆಯವಳೋ, ಯಾರಾದರೂ ಸರಿ. ಒಂದೇ ಒಂದು ಬೇಡಿಕೆ. ಈ ಮಂಡಿ ನಿನ್ನೊಳಗೆ ಬಂದಾಗ ನಮ್ಮ ನೆನಪೆಂದು ಅದನ್ನು ಕಾಪಾಡಬೇಡ. ನಮಗೆ ದೀಪ ಹಚ್ಚುವುದೂ ಬೇಡ. ಅಂಗಳದಲ್ಲಿ ಮನೆ ಬರೆ, ಬಿಲ್ಲೆ ಎಸೆ, ಕಾಲೆತ್ತಿ ಹಾರು. ಸಿಂಚನಮ್ಮ, ನಾನು ಇಬ್ಬರೂ ನಿನ್ನ ಜೊತೆಗೇ ಹಾರುತ್ತೇವೆ. ಗೆರೆ ತುಳಿದರೆ ಮಾತ್ರ ಮಂಡಿಯ ಮೇಲೆ ಹಾಕಬೇಡ, ಅದು ನಿನ್ನದೇ ತಪ್ಪು.

ಹೋಗಿ ಬರಲೇ ಮಗಳೇ, ಹೊರಗೆ ಲಿಖಿತ ಕೂಗುತ್ತಿದ್ದಾಳೆ.

ನಿನ್ನ ಅಜ್ಜಿಯರಲ್ಲೊಬ್ಬಳು,
ಮಾನ್ವಿತಮ್ಮ