ನನ್ನ ಹೆಸರಿನ ಕೀ

೬ ಸೆಪ್ಟೆಂಬರ್ ೧೯೯೩, ಸೋಮವಾರ

ಮುಲುಂಡ್‌ನಿಂದ ಮುಂಬೈ ಲೋಕಲ್ ರೈಲಿನಲ್ಲಿ ನಿಂತೇ ಪ್ರಯಾಣ. ವಡಾಲದಲ್ಲಿ ಕಂಪನಿ ಮಾಲು ಪರೀಕ್ಷಿಸುವ ಲ್ಯಾಬಿಗೆ ಹತ್ತು ನಿಮಿಷ ಲೇಟು. ಇವತ್ತು ಕಂಪ್ಯೂಟರಿನಲ್ಲೇ ಸಹಿ ಹಾಕಲು ನನ್ನ ಕೀ ತಯಾರಿಸಿದೆ. ಕಪ್ಪು ಪರದೆ, ಒಂದು ಸಾಲಿನ ಕಮಾಂಡ್. ‘ಏನಾದರೂ ಟೈಪ್ ಮಾಡುತ್ತಿರಿ’ ಅಂದಿತು, ಮಾಡಿದೆ. ಎರಡು ಕೀ ಬಂದವು. ಪ್ರೈವೇಟ್ ಕೀ ನನ್ನ ಬಳಿಯೇ ಇರಬೇಕು; ರಿಪೋರ್ಟಿಗೆ ಸಹಿ ಹಾಕುವುದು ಅದರಿಂದ. ಪಬ್ಲಿಕ್ ಕೀ ಹ್ಯಾಂಬರ್ಗ್‌ನ ಗಿರಾಕಿಗೆ, ಸಹಿ ತಾಳೆ ನೋಡಲು. ‘ಇದು ಶಾಮಲಾಳದೇ ಎಂದು ಪ್ರಮಾಣೀಕರಿಸಿ’ ಎಂಬ ಮನವಿಯ ಜೊತೆ ಮೋಡೆಮ್‌ನಲ್ಲಿ ಕಳಿಸಿದೆ.

ಸಂಜೆ ಮ್ಯಾನೇಜರ್ ವೆಂಕಟಸುಬ್ಬಯ್ಯ ಕರೆದರು. “ಪ್ರೈವೇಟ್ ಕೀ ಫ್ಲಾಪಿ, ಪಾಸ್‌ವರ್ಡು, ಎರಡೂ ಕವರಲ್ಲಿ ಹಾಕ್ಕೊಡಮ್ಮ. ನೀನು ರಜಾ ಹಾಕಿದ್ರೆ ಕೆಲಸ ನಿಲ್ಬೇಕಾ?”

ಕೊಟ್ಟೆ. ಪೆದ್ದಿ ನಾನು.

೨೧ ಸೆಪ್ಟೆಂಬರ್

ಹ್ಯಾಂಬರ್ಗ್‌ಗೆ ಹೋಗಬೇಕಾದ ಕ್ರೇನಿನ ಉಕ್ಕಿನ ಹಗ್ಗ ಪರೀಕ್ಷೆಯಲ್ಲಿ ಹರಿಯಿತು. ಹತ್ತು ಟನ್ ತಾಳಬೇಕಾದದ್ದು ಏಳಕ್ಕೇ. ಮೆಷಿನ್ ನಡೆಸುವ ಧರ್ಮಣ್ಣ ತುಂಡನ್ನು ತಂದು ನನ್ನ ಟೇಬಲ್ ಮೇಲಿಟ್ಟ. “ಇದರ ಕೆಳಗ ಮಂದಿ ಕೆಲಸಾ ಮಾಡ್ತಾರ್ರೀ ಬಾಯಾರ. ನಮ್ಮಣ್ಣ ಡಾಕ್‌ನ್ಯಾಗ ಹಿಂಗ ಸತ್ತದ್ದು.”

‘ಫೇಲ್’ ಎಂದು ಬರೆದೆ.

“ನಾಳೆ ಮಾಲು ಹಡಗು ಹತ್ತುತ್ತೆ. ಪಾಸ್ ಅಂತ ತಿದ್ದು,” ಅಂದರು ವೆಂಕಟಸುಬ್ಬಯ್ಯ.

“ಆಗಲ್ಲ ಸಾರ್.”

೨೩ ಸೆಪ್ಟೆಂಬರ್, ಬೆಳಿಗ್ಗೆ ೧೧

ಹ್ಯಾಂಬರ್ಗ್‌ನಿಂದ ಉತ್ತರ — ‘ಹಗ್ಗ ಪಾಸ್ ಆದ ರಿಪೋರ್ಟ್ ತಲುಪಿತು. ಸಹಿ ಸರಿಯಿದೆ.’ ನನ್ನ ಸಹಿ! ನಾನು ಹಾಕದ ಸಹಿ!

“ನನ್ನ ಕೀ ಬಳಸಿದ್ರಾ ಸಾರ್?”

“ಕಂಪನಿ ಕಂಪ್ಯೂಟರು, ಕಂಪನಿ ಕೀ. ಅದರಲ್ಲಿ ನಿಂದೇನಮ್ಮ?”

“ಹೆಸರು.”

ನಕ್ಕರು. ನಕ್ಕುಬಿಟ್ಟರು...

ಮಧ್ಯಾಹ್ನ ೧-೩೦

ಎಲ್ಲರೂ ಊಟಕ್ಕೆ ಹೋಗಿದ್ದರು. ಕಂಪ್ಯೂಟರಿನಲ್ಲಿ ಉಳಿದಿದ್ದ ಪ್ರತಿಯಿಂದ ಕೀ ರದ್ದು ಮಾಡುವ ಕಮಾಂಡ್ ಕೊಟ್ಟೆ. ‘ಖಚಿತವೇ?’ ಕೇಳಿತು. ಗುಂಡಿ ಮುರಿಯುವ ಹಾಗೆ ಒತ್ತಿದೆ. ರದ್ದತಿ, ಜೊತೆಗೆ ನನ್ನ ನಿಜವಾದ ರಿಪೋರ್ಟು, ಎರಡೂ ಹ್ಯಾಂಬರ್ಗ್‌ಗೆ ಹೋದವು. ಧರ್ಮಣ್ಣ ಬಾಗಿಲಲ್ಲಿ ನಿಂತಿದ್ದ. “ಸಾಕ್ಷಿ ಅಂತ ನನ್ನ ಹೆಸರೂ ಹಾಕ್ರಿ.” ಹಾಕಿದೆ.

೨೭ ಸೆಪ್ಟೆಂಬರ್

ಗಿರಾಕಿ ಮಾಲು ಬೇಡ ಅಂದಿದ್ದಾರೆ. ನಾನೂ ಧರ್ಮಣ್ಣನೂ ಸಸ್ಪೆಂಡ್. ಗೇಟಿನಲ್ಲಿ ನನ್ನ ಬ್ಯಾಗ್, ಟಿಫಿನ್ ಡಬ್ಬಿ ಕೂಡ ಬಿಚ್ಚಿ ನೋಡಿದರು. ಕಳ್ಳಿಯಂತೆ! ಕದ್ದವರು ಒಳಗೆ ಎಸಿಯಲ್ಲಿ.

೩೦ ಸೆಪ್ಟೆಂಬರ್, ಬೆಳಿಗ್ಗೆ ೯

ಹ್ಯಾಂಬರ್ಗ್‌ನಿಂದ ಇಬ್ಬರು ತಪಾಸಣೆಗೆ ಬಂದಿದ್ದಾರೆ. ಶಾಮಲಾ ಬರದೆ ಮಾತೇ ಇಲ್ಲ ಅಂದರಂತೆ. ವೆಂಕಟಸುಬ್ಬಯ್ಯ ಸೀದಾ ಮುಲುಂಡ್‌ಗೆ, ನಮ್ಮ ಮೂರನೇ ಮಹಡಿಯ ಮನೆಗೆ. “ಪಾಸ್ ರಿಪೋರ್ಟು ನೀನೇ ತಪ್ಪಾಗಿ ಕಳಿಸಿದೆ ಅಂತ ಹೇಳಮ್ಮ. ಇವತ್ತೇ ಕೆಲಸ ವಾಪಸ್.”

ಬಾಗಿಲಲ್ಲಿ ನಿಂತು ಬೆವರು ಒರೆಸಿಕೊಳ್ಳುತ್ತಿದ್ದಾರೆ. ನಾನು ಬರೆದು ಮುಗಿಸುವವರೆಗೆ ಕಾಯಲಿ. ಹೋಗುತ್ತೇನೆ. ಧರ್ಮಣ್ಣನನ್ನೂ ಕರೆದುಕೊಂಡೇ ಹೋಗುತ್ತೇನೆ. ಆ ಇಬ್ಬರ ಮುಂದೆ, ಈ ಮನುಷ್ಯನ ಎದುರಿಗೇ, ನನ್ನ ಮೊದಲ ಮಾತು — “ಪಾಸ್ ಅಂದ ಆ ಸಹಿ ನಾನು ಹಾಕಿದ್ದಲ್ಲ.”