ಕಾಮೋಠೆಯ ಸಂಬಂಧ

ಡೊಂಬಿವಲಿ ಪೂರ್ವ
೧೪ ಅಕ್ಟೋಬರ್ ೨೦೨೫

ಪ್ರೀತಿಯ ದ್ರೌಪದಿ ಅಕ್ಕನಿಗೆ,

ನಿನ್ನ ತಂಗಿ ವಿನೋದಾಳ ನಮಸ್ಕಾರ. ನಿನ್ನ ಫೋನು ಬಂದಾಗಲೆಲ್ಲ "ಆಮೇಲೆ ಮಾತಾಡ್ತೇನೆ" ಎಂದು ಇಟ್ಟುಬಿಟ್ಟೆ, ಬೇಸರ ಮಾಡಿಕೊಳ್ಳಬೇಡ. ಈ ಪುಟ್ಟ ಮನೆಯಲ್ಲಿ ಫೋನಿನಲ್ಲಿ ಆಡಿದ ಮಾತು ಮೂಲೆಮೂಲೆಗೂ ಕೇಳುತ್ತದೆ. ಮಕ್ಕಳು ಮತ್ತೆ ಕೇಳಿಸಿಕೊಳ್ಳಬಾರದ ಮಾತಿದು, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲು ಮಗನ ಒಳ್ಳೆಯ ಸುದ್ದಿ. ಸಮಿತ್‌ಗೆ ಹೊಸ ಇಂಜೆಕ್ಷನ್ ಶುರುವಾಗಿದೆ. ಹಿಂದೆ ರಕ್ತ ಹೆಪ್ಪುಗಟ್ಟಿಸುವ ಮದ್ದು ಕೊಡಲು ನರ ಸಿಗದೆ ಅವನ ಕೈಯೆಲ್ಲ ಚುಚ್ಚುತ್ತಿದ್ದರಲ್ಲ, ಈಗ ಅದಿಲ್ಲ. ಇದು ಚರ್ಮದಡಿಗೆ, ತಿಂಗಳಿಗೊಮ್ಮೆ. ಆಮೇಲೆ ಅವನ ಮೊಣಕಾಲು ಊದಿಯೇ ಇಲ್ಲ. ಹಳೆಯ ಕುಂಟು ಹೋಗದು, ಆದರೆ ಲೋಕಲ್ ಹತ್ತಿ ಠಾಣೆಗೆ ಕೆಲಸಕ್ಕೆ ಹೋಗಿಬರುತ್ತಾನೆ. "ಸರಿಯಾದ ಜೀನನ್ನೇ ಲಿವರಿಗೆ ಕಳಿಸುವ ಚಿಕಿತ್ಸೆಯ ಪ್ರಯೋಗ ನಮ್ಮ ದೇಶದಲ್ಲೂ ನಡೀತಿದೆ. ಎಲ್ಲರಿಗೂ ಹೊಂದೋದಿಲ್ಲ, ಆದ್ರೂ ಕಾದು ನೋಡೋಣ" ಎಂದರು ಡಾಕ್ಟರು. ಅಂದು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತುಬಿಟ್ಟೆ.

ಇನ್ನು ಕಾಮೋಠೆಯ ಸಂಬಂಧ. ಬರೆಯುವಾಗಲೂ ಹೇಸಿಗೆಯಾಗುತ್ತದೆ. ನಮ್ಮ ಪ್ರೇಕ್ಷಾಳನ್ನು ಹುಡುಗನ ಕಡೆಯವರೇ ಕೇಳಿಕೊಂಡು ಬಂದದ್ದು. ಹುಡುಗ ಶೈಲೇಶ್ ಔಷಧ ಕಂಪನಿಯೊಂದರ ಲ್ಯಾಬಿನಲ್ಲಿದ್ದಾನೆ. ತಮ್ಮನಿಗಿರುವ ರಕ್ತ ಹೆಪ್ಪುಗಟ್ಟದ ಕಾಯಿಲೆ ಹಿಮೋಫಿಲಿಯಾ, ತನ್ನ ರಕ್ತದಲ್ಲೂ ಆ ಜೀನ್ ಇರುವುದು, ಮುಂದೆ ಗಂಡುಮಗುವಾದರೆ ಬರಬಹುದೆಂಬುದು, ಎಲ್ಲವನ್ನೂ ಅವಳು ಮೊದಲೇ ಹೇಳಿದ್ದಳು. "ನಾನು ಸೈನ್ಸ್ ಓದಿದವ, ನನಗೇನೂ ಪ್ರಾಬ್ಲಮ್ ಇಲ್ಲ" ಎಂದನಂತೆ. ಅವಳ ಮುಖ ಅರಳಿದ್ದು ನೋಡಿ ನಾನೂ ನಂಬಿದೆ.

ಇವರಿಗೆ ಹೋಟೆಲಿನಲ್ಲಿ ರಜೆ ಸಿಗಲಿಲ್ಲ. ನಾನು ಮಕ್ಕಳಿಬ್ಬರನ್ನು ಕರೆದುಕೊಂಡು ಕಾಮೋಠೆಯ ಅವರ ಮನೆಗೆ ಹೋದೆ. ಶೈಲೇಶನ ತಾಯಿ ನಮಗೆ ಗಾಜಿನ ಲೋಟದಲ್ಲಿ ಶರಬತ್ತು ಕೊಟ್ಟರು, ಸಮಿತ್‌ಗೆ ಕಾಗದದ ಕಪ್ಪಿನಲ್ಲಿ. ಅವನು ಕೂರುವ ಮೊದಲು ಸೋಫಾದ ಮೇಲೆ ಹಳೇ ಬೆಡ್‌ಶೀಟ್ ಹಾಸಿದರು. "ರಕ್ತಗಿಕ್ತ ತಾಗಿದ್ರೆ ಮತ್ತೆ ಹೋಗುದಿಲ್ಲ ಅಲ್ವಾ" ಎಂದು ನಗು ಬೇರೆ! ಇದು ಅಂಟುರೋಗವಲ್ಲ ಎಂದು ಆ ಲ್ಯಾಬಿನವನಿಗೆ ಗೊತ್ತಿಲ್ಲವೇ? ಅವನು ಮೊಬೈಲು ನೋಡುತ್ತಾ ಕುಳಿತಿದ್ದ. ಬಾಯಲ್ಲಿದ್ದ ಶರಬತ್ತನ್ನು ಅಲ್ಲೇ ಉಗುಳೋಣ ಅನ್ನಿಸಿತು ಅಕ್ಕಾ.

ಅಷ್ಟಕ್ಕೆ ಮುಗಿಯಲಿಲ್ಲ. "ಶೈಲು ಹೇಳ್ತಾನೆ, ಈಗ ಭ್ರೂಣವನ್ನು ಹೊಟ್ಟೆಗೆ ಹಾಕುವ ಮೊದ್ಲೇ ಲ್ಯಾಬಿನಲ್ಲಿ ಟೆಸ್ಟ್ ಮಾಡ್ಲಿಕ್ಕೆ ಆಗ್ತದಂತೆ. ಖರಾಬ್ ಇದ್ದದ್ದನ್ನು ಬಿಸಾಡುದು, ಒಳ್ಳೇದನ್ನು ಇಟ್ಟುಕೊಳ್ಳುದು. ಅದಕ್ಕೆ ನೀವು ಒಪ್ಪಿದ್ರೆ ನಮ್ಮದೇನೂ ಇಲ್ಲ. ಇಂಥದ್ದು ನಮ್ಮನೆಯಲ್ಲಿ ಹುಟ್ಟುದು ಬೇಡ" ಎಂದರು. ಇಂಥದ್ದು ಎನ್ನುವಾಗ ಗಲ್ಲ ಎತ್ತಿ ನನ್ನ ಮಗನ ಕಡೆ ತೋರಿಸಿದರು.

"ಆಂಟಿ, ರಿಸರ್ಚ್ ಎಷ್ಟು ಮುಂದೆ ಹೋಗಿದೆ ಗೊತ್ತುಂಟಾ? ಇದೆಲ್ಲ ಈಗ ನಾರ್ಮಲ್" ಎಂದ ಶೈಲೇಶ್, ಆಗ ಮಾತ್ರ ಮೊಬೈಲಿನಿಂದ ತಲೆ ಎತ್ತಿ.

ಆ ಟೆಸ್ಟ್ ಮಾಡಿಸುವುದು ಬಿಡುವುದು ಪ್ರೇಕ್ಷಾಳಿಗೆ ಸೇರಿದ್ದು. ನಾಳೆ ಅವಳೇ ಮಾಡಿಸಿಯಾಳು, ನಾನು ಬೇಡ ಎನ್ನಲಾರೆ. ನನ್ನ ಮಗ ಇವತ್ತು ನಡೆದಾಡುತ್ತಿರುವುದೂ ಯಾರೋ ಮಾಡಿದ ರಿಸರ್ಚಿನಿಂದಲೇ. ಆದರೆ ಬದುಕಿರುವವನನ್ನು ಎದುರು ಕೂರಿಸಿಕೊಂಡು, ಸಂತೆಯಲ್ಲಿ ಬದನೆಕಾಯಿ ಆರಿಸುವವರ ಹಾಗೆ ಮಾತಾಡುವುದೇ? ಥೂ!

ನಾನು ಬಾಯಿ ತೆರೆಯುವ ಮೊದಲೇ ಪ್ರೇಕ್ಷಾ ಎದ್ದಳು. ತಮ್ಮನ ಕೈಯಿಂದ ಕಾಗದದ ಕಪ್ಪು ತೆಗೆದುಕೊಂಡು, ಉಳಿದಿದ್ದ ಶರಬತ್ತನ್ನು ಅವರೆದುರೇ ಕುಡಿದಳು. "ಅದೇ ಜೀನ್ ನನ್ನ ರಕ್ತದಲ್ಲೂ ಉಂಟು ಆಂಟಿ. ನನಗೂ ಬೆಡ್‌ಶೀಟ್ ಹಾಸಬೇಕಿತ್ತು ನೀವು" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಅಮ್ಮ, ಏಳು."

ಮರುದಿನ ಶೈಲೇಶನ ಮೆಸೇಜು ಬಂತು. ಅಮ್ಮ ಹಳೇ ಕಾಲದವರು, ಮನಸ್ಸಿಗೆ ಹಚ್ಚಿಕೊಳ್ಳಬೇಡ, ಮದುವೆ ಹಾಲ್‌ನಲ್ಲಿ ತಮ್ಮನನ್ನು ಸ್ವಲ್ಪ ಹಿಂದೆ ಕೂರಿಸಿದರಾಯಿತು ಎಂದು. ಪ್ರೇಕ್ಷಾ ನನಗೆ ತೋರಿಸಿ, ಅವನ ನಂಬರನ್ನೇ ಬ್ಲಾಕ್ ಮಾಡಿದಳು. ಈಗ ಆಫೀಸಿಗೆ ಹೋಗುತ್ತಾಳೆ, ಬರುತ್ತಾಳೆ. ಬಾತ್‌ರೂಮಿನ ನಲ್ಲಿ ಜೋರಾಗಿ ಬಿಟ್ಟರೂ ಅವಳ ಅಳು ನನಗೆ ಕೇಳುತ್ತದೆ.

ನಿನ್ನ ಮಂಡಿಗೆ ಎಣ್ಣೆ ಹಚ್ಚುವುದನ್ನು ಬಿಡಬೇಡ. ಭಾವನಿಗೆ ನಮಸ್ಕಾರ ಹೇಳು. ಮಕ್ಕಳಿಗೆಲ್ಲ ನನ್ನ ಆಶೀರ್ವಾದ, ಅವರ ಬಾಳು ತಣ್ಣಗಿರಲಿ.

ನಿನ್ನ ತಂಗಿ,
ವಿನೋದಾ

ತಾ.ಕ.: ಇದನ್ನು ಮೇಲೆಯೇ ಬರೆಯಬೇಕಿತ್ತು, ಕೈ ಬರಲಿಲ್ಲ. ಅಂದು ಠಾಣೆಗೆ ಬರುವ ಟ್ರೈನಿನಲ್ಲಿ ಪ್ರೇಕ್ಷಾ ದೂರ ಕಿಟಕಿಯ ಹತ್ತಿರ ಕುಳಿತಿದ್ದಳು. ಸಮಿತ್ ನನ್ನ ಪಕ್ಕದಲ್ಲಿದ್ದ. ಯಾವಾಗಲೂ ನನಗೆ ಹಿಂದಿಯಲ್ಲೇ ಉತ್ತರ ಕೊಡುವವನು ಅಂದು ಕನ್ನಡದಲ್ಲಿ ಕೇಳಿದ: "ಅಮ್ಮಾ, ಆ ಟೆಸ್ಟ್ ನನ್ನ ಟೈಮಲ್ಲಿ ಇದ್ದಿದ್ರೆ ನೀನು ನನ್ನನ್ನು ಇಟ್ಟುಕೊಳ್ತಿದ್ದೆಯಾ?" ಚಿಕ್ಕವನಿದ್ದಾಗ ಊದಿದ ಮೊಣಕಾಲು ಹಿಡಿದುಕೊಂಡು ಅವನು ಕಿರುಚುತ್ತಿದ್ದುದು ಕಣ್ಣೆದುರು ಬಂತು. "ಇಟ್ಟುಕೊಳ್ತಿದ್ದೆ ಮಗಾ" ಎಂದೆ. ಆದರೆ ಅವನು ಕೇಳಿದ್ದು ರಬಾಳೆ ಸ್ಟೇಷನ್ನಿನಲ್ಲಿ. ನಾನು ಉತ್ತರ ಕೊಡುವಾಗ ಟ್ರೈನು ಮುಂದಿನ ಸ್ಟೇಷನ್ ಐರೋಲಿಯನ್ನೂ ದಾಟಿತ್ತು.